ಉಲ್ಕಾಶಿಲೆಯಂಥ ಹೂದಾನಿ: ತೂತು ಬೇಕೋ, ಹೆಬ್ಬೆರಳ ಗುಳಿ ಬೇಕೋ?

ಹಸಿಮಣ್ಣು (ಮೈಸೂರು)

ಎಲ್ಲರಿಗೂ ನಮಸ್ಕಾರ. ದಸರಾ ಹೊತ್ತಿಗೆ ಒಂದು ಸಣ್ಣ ಪ್ರದರ್ಶನ ಇದೆ, ಅದಕ್ಕೆ ಆರೇಳು ಹೂದಾನಿ ಮಾಡಬೇಕು. ವಿಷಯ ಆಕಾಶ: ಉಲ್ಕೆ, ಚಂದ್ರ, ಕ್ಷುದ್ರಗ್ರಹ, ಇಂಥವು. ಶಿಲ್ಪದ ಹಾಗೆ ನಿಲ್ಲಬೇಕು, ಹೂ ಇಟ್ಟರೆ ನೀರೂ ನಿಲ್ಲಬೇಕು. ನನ್ನ ಹತ್ತಿರ ಇರೋದು ಕರೆಂಟ್ ಕಿಲ್ನ್ (ಮಣ್ಣು ಸುಡುವ ಗೂಡು), ಕೋನ್ 6ರ ಬಿಸಿ ತನಕ ಹೋಗುತ್ತೆ, ಅಂದರೆ ಸುಮಾರು 1220 ಡಿಗ್ರಿ. ಮಣ್ಣು ಗ್ರಾಗ್ (ಸುಟ್ಟ ಮಣ್ಣಿನ ತರಿ) ಹಾಕಿದ ಸ್ಟೋನ್‌ವೇರ್.

ನೆಟ್‌ನಲ್ಲಿ 'ಮೀಟಿಯೊರೈಟ್ ವಾಸ್' ಅಂತ ಹುಡುಕಿದರೆ ಬರೋದೆಲ್ಲ ಒಂದೇ ಅಚ್ಚು. ದುಂಡಗಿನ ಮೈ, ಮೈತುಂಬ ಗುಳ್ಳೆ ಒಡೆದ ತೂತು, ಬೂದಿ ಬಣ್ಣ ಇಲ್ಲವೇ ಕಪ್ಪು, ಶ್ರೀಮಂತಿಕೆಗೆ ಒಂದು ಚಿನ್ನದ ಗೆರೆ. ಚೆನ್ನಾಗಿಲ್ಲ ಅಂತ ಹೇಳೋಕೆ ಆಗಲ್ಲ, ಆದರೆ ನಾನೂ ಅದನ್ನೇ ಮಾಡಿದರೆ ಏನು ಬಂತು? ಹಾಗಾಗಿ ಎರಡು ಪ್ರಶ್ನೆ. ಒಂದು, ಆ ಕುಳಿ ಬೀಳುವ ಗ್ಲೇಜ್ (ಮೈಮೇಲಿನ ಗಾಜಿನ ಲೇಪ) ಕೋನ್ 6ರಲ್ಲಿ ಕರೆಂಟ್ ಕಿಲ್ನ್‌ನಲ್ಲಿ ಸರಿಯಾಗಿ ಬರುತ್ತಾ? ಎರಡು, ಅದನ್ನು ಬಿಟ್ಟು ಬೇರೆ ದಾರಿ ಯಾರಾದರೂ ನೋಡಿದ್ದೀರಾ?

ಕೋನ್‌ಆರು (ಬೆಂಗಳೂರು)

ಮೊದಲನೆಯದಕ್ಕೆ ಉತ್ತರ: ಖಂಡಿತ ಬರುತ್ತೆ. ಕೆಲಸ ಮಾಡೋದು ಸಿಲಿಕಾನ್ ಕಾರ್ಬೈಡ್. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾರ್ಬೊರಂಡಮ್ ಅಂತಾರಲ್ಲ, ಸಾಣೆಕಲ್ಲಿಗೆ ಹಾಕೋದು, ಅದೇ. ಗ್ಲೇಜ್ ಕರಗೋಕೆ ಶುರುವಾದಾಗ ಈ ಕಾರ್ಬೈಡ್ ಸುತ್ತ ಇರುವ ಆಕ್ಸೈಡ್‌ಗಳಿಂದ ಆಮ್ಲಜನಕ ಕಿತ್ತುಕೊಳ್ಳುತ್ತೆ. ಸಿಲಿಕಾನ್ ಸಿಲಿಕಾ ಆಗಿ ಗ್ಲೇಜ್‌ನೊಳಗೇ ಸೇರುತ್ತೆ, ಕಾರ್ಬನ್ ಅನಿಲವಾಗಿ ಮೇಲೆದ್ದು ಗುಳ್ಳೆ ಕಟ್ಟುತ್ತೆ. ಗುಳ್ಳೆ ಒಡೆದ ಮೇಲೆ ಗ್ಲೇಜ್ ಮತ್ತೆ ಹರಿದು ಮುಚ್ಚಿಕೊಳ್ಳದಷ್ಟು ಮಂದವಾಗಿದ್ದರೆ ಕುಳಿ ಉಳೀತು. ಸೆಟ್ ದೋಸೆ ಮೇಲಿನ ತೂತು ಹೇಗೆ ಹಿಟ್ಟಿನ ಹದದಿಂದ ನಿಲ್ಲುತ್ತೋ ಹಾಗೆ.

ಜನ ತಪ್ಪೋದು ಅಲ್ಲೇ. ಹೊಳೆಯುವ, ಚೆನ್ನಾಗಿ ಹರಿಯುವ ಗ್ಲೇಜ್‌ಗೆ ಕಾರ್ಬೈಡ್ ಹಾಕಿ ಏನೂ ಬರಲಿಲ್ಲ ಅಂತಾರೆ. ಅಲ್ಯೂಮಿನಾ ಹೆಚ್ಚಿರುವ, ಟಾಲ್ಕ್ ಇರುವ ಮ್ಯಾಟ್ (ಹೊಳಪಿಲ್ಲದ) ಗ್ಲೇಜ್ ತಗೊಳ್ಳಿ. ಕಾರ್ಬೈಡನ್ನು ಗ್ಲೇಜ್‌ಗೇ ಕಲಸುವ ಬದಲು ನೀರಾಗಿ ಕಲಸಿದ ಮಣ್ಣು, ಅಂದರೆ ಸ್ಲಿಪ್‌ನಲ್ಲಿ ಹಾಕಿ ಕೆಳಪದರ ಮಾಡಿ, ಅದರ ಮೇಲೆ ದಪ್ಪಗೆ ಗ್ಲೇಜ್ ಬಳಿದರೆ ಕುಳಿ ಎಲ್ಲಿ ಬೇಕೋ ಅಲ್ಲಿ ಮಾತ್ರ ಏಳುತ್ತೆ. ನೂರಕ್ಕೆ ಎರಡರಿಂದ ಐದು ಭಾಗದೊಳಗೆ ಪರೀಕ್ಷೆ ಮಾಡಿ. ಪುಡಿ ತೀರಾ ನುಣುಪಾದರೆ ನೊರೆಯ ಹಾಗೆ ಸಣ್ಣ ಸಣ್ಣ ಗುಳ್ಳೆ, ತುಸು ದಪ್ಪ ಇದ್ದರೆ ಒಂಟಿ ಒಂಟಿ ದೊಡ್ಡ ಕುಳಿ. ಕಿಲ್ನ್ ಆರಿಸುವಾಗ ಮೇಲಿನ ಬಿಸಿಯಲ್ಲಿ ಬಹಳ ಹೊತ್ತು ನಿಲ್ಲಿಸಬೇಡಿ, ಅಂಚುಗಳು ಕರಗಿ ಮೊಂಡಾಗುತ್ತವೆ.

ಟೆಸ್ಟ್ ಟೈಲ್ ನಿಲ್ಲಿಸಿಯೇ ಸುಡಿ. ಮಲಗಿಸಿ ಸುಟ್ಟ ಟೈಲ್ ಮೇಲೆ ಚಂದ ಕಂಡ ಗ್ಲೇಜ್ ಹೂದಾನಿಯ ಮೈಮೇಲೆ ಜಾರಿ ಬುಡಕ್ಕೆ ಇಳಿದುಬಿಡುತ್ತೆ. ಶೆಲ್ಫ್‌ಗೆ ಗ್ಲೇಜ್ ಅಂಟದ ಹಾಗೆ ಕಿಲ್ನ್ ವಾಶ್ ಹೊಡೆದು, ಕೆಳಗೊಂದು ಬಿಸ್ಕ್ (ಗ್ಲೇಜ್ ಇಲ್ಲದೆ ಒಮ್ಮೆ ಸುಟ್ಟ) ಬಿಲ್ಲೆ ಇಟ್ಟುಕೊಳ್ಳಿ.

ಕಲ್ಲುನೋಟ (ಧಾರವಾಡ)

ನಾನು ಕುಂಬಾರಿಕೆ ಬಲ್ಲವನಲ್ಲ, ಕಲ್ಲು ಓದಿಸಿ ನಿವೃತ್ತನಾದವನು. ಆದರೆ ಈ 'ಉಲ್ಕಾಶಿಲೆಯ ಹೂದಾನಿ' ಚಿತ್ರಗಳನ್ನು ನೋಡಿದಾಗಲೆಲ್ಲ ಕೈ ತುರಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಉಲ್ಕಾಶಿಲೆಯಲ್ಲಿ ತೂತು ಇರುವುದಿಲ್ಲ ಸ್ವಾಮಿ. ಅಪರೂಪಕ್ಕೆ ಒಂದೆರಡು ಜಾತಿಯಲ್ಲಿ ಗುಳ್ಳೆ ಸಿಕ್ಕಿದೆ, ಬಿಟ್ಟರೆ ಇಲ್ಲ. ಜನ ನಮ್ಮ ವಿಭಾಗಕ್ಕೆ ಚೀಲದಲ್ಲಿ ಕಟ್ಟಿಕೊಂಡು ಬಂದು "ಸರ್, ಆಕಾಶದಿಂದ ಬಿದ್ದದ್ದು" ಎನ್ನುತ್ತಿದ್ದ ಕಲ್ಲಿನಲ್ಲಿ ತೂತು ಕಂಡರೆ ನಾವು ಮೊದಲು ಹೇಳುತ್ತಿದ್ದ ಮಾತು: ಇದು ಕಬ್ಬಿಣದ ಕಿಟ್ಟ. ಹಳೆಯ ಕುಲುಮೆ ಇದ್ದ ಊರುಗಳ ಹೊಲದಲ್ಲಿ ಬೇಕಾದಷ್ಟು ಸಿಗುತ್ತದೆ. ಹಾಗಾಗಿ ನೆಟ್‌ನಲ್ಲಿ ಮಾರುವ ಹೂದಾನಿಗಳಿಗೆ ಸರಿಯಾದ ಹೆಸರು 'ಕಿಟ್ಟದ ಹೂದಾನಿ'.

ನಿಜವಾದ ಉಲ್ಕಾಶಿಲೆ ಹೇಗಿರುತ್ತದೆ ಎಂದರೆ, ಮೇಲೆ ತೆಳುವಾದ ಕರೀ ಸಿಪ್ಪೆ, ಹೆಚ್ಚೆಂದರೆ ಒಂದೆರಡು ಮಿಲಿಮೀಟರ್. ಅದು ಗಾಳಿಯಲ್ಲಿ ಮೈ ಕರಗಿ ಗಾಜಾಗಿ ಕೂತದ್ದು. ಎಲ್ಲಾದರೂ ಚಕ್ಕೆ ಎದ್ದಿದ್ದರೆ ಒಳಗೆ ಸಿಮೆಂಟಿನಂಥ ತಿಳಿ ಬೂದು. ಆ ಕಪ್ಪು ಮತ್ತು ಬೂದಿಯ ಗೆರೆ ಕತ್ತರಿಸಿದ ಹಾಗೆ ಸ್ಪಷ್ಟ. ಮೈಮೇಲೆ ಅಲ್ಲಲ್ಲಿ ಆಳವಿಲ್ಲದ ಗುಳಿಗಳು, ಹಸಿಮಣ್ಣಿಗೆ ಹೆಬ್ಬೆರಳು ಒತ್ತಿದ ಗುರುತಿನ ಹಾಗೆಯೇ. ಇದು ನನ್ನ ಕವಿತ್ವ ಅಲ್ಲ, ಭೂವಿಜ್ಞಾನದವರೆಲ್ಲ ಅದನ್ನು ಹೆಬ್ಬೆರಳ ಗುರುತು ಎಂದೇ ವರ್ಣಿಸುತ್ತಾರೆ. ವಾತಾವರಣದೊಳಗೆ ಸೆಕೆಂಡಿಗೆ 11 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನುಗ್ಗುವಾಗ ಬಿಸಿಗಾಳಿ ಮೈಯನ್ನು ಕೊರೆದು ಮಾಡಿದ ಗುಳಿ ಅದು.

ಇನ್ನು ಒಳಗೆ ನೋಡಿದರೆ, ಬೀಳುವ ಉಲ್ಕಾಶಿಲೆಗಳಲ್ಲಿ ಬಹುಪಾಲು ಕಾಂಡ್ರೈಟ್ ಜಾತಿ. ಕತ್ತರಿಸಿ ನಯ ಮಾಡಿದರೆ ಮಿಲಿಮೀಟರ್ ಗಾತ್ರದ ದುಂಡು ಕಾಳುಗಳು ತುಂಬಿರುತ್ತವೆ. ಸೌರಮಂಡಲ ಹುಟ್ಟುವ ಕಾಲದಲ್ಲಿ ಕರಗಿ, ಹನಿಯಾಗಿ, ಗಟ್ಟಿಯಾದವು. ನಮ್ಮ ರಾಜ್ಯದಲ್ಲೂ ಬಿದ್ದಿವೆ, 1865ರಲ್ಲಿ ಮದ್ದೂರು, 1866ರಲ್ಲಿ ಉಡುಪಿ. ಎರಡೂ ಕಾಂಡ್ರೈಟೇ.

ಶಿಲ್ಪ ಮಾಡುವವರಿಗೆ ಇಷ್ಟು ಸಾಲದೇ? ಸುಲಭಕ್ಕೆ ಸಿಗುವ ತೂತಿನ ಗ್ಲೇಜ್ ಯಾಕೆ?

ಕಡಲತಡಿ (ಮಂಗಳೂರು)

ನಾನು ಮಾಡುವವಳಲ್ಲ, ಹೂ ಇಡುವವಳು. ಇಕೆಬಾನ, ಅಂದರೆ ಜಪಾನಿ ಹೂಜೋಡಣೆ ಕಲಿತು ವರ್ಷಗಳಾಯ್ತು. ನೀವೆಲ್ಲ ಆಕಾಶದಲ್ಲೇ ಇದ್ದೀರಿ, ಸ್ವಲ್ಪ ಕೆಳಗೆ ಬನ್ನಿ ಮಾರಾಯ್ರೆ. ಇಂಥದ್ದೊಂದು ಕ್ರೇಟರ್ (ಕುಳಿ) ಹೂದಾನಿ ಆನ್‌ಲೈನಲ್ಲಿ ತರಿಸಿದ್ದೆ. ಟೀಪಾಯಿ ಮೇಲೆ ಇಟ್ಟು ನೀರು ಹಾಕಿದೆ, ಬೆಳಿಗ್ಗೆ ಅಡಿಯಲ್ಲಿ ಒದ್ದೆ ಉಂಗುರ. ಕುಳಿ ಒಳಗೂ ಇತ್ತು, ಹೊರಗೂ ಇತ್ತು. ತೊಳೆಯಲಿಕ್ಕೆ ಹೋದರೆ ಬೆರಳು ಗೀರಿತು. ಸ್ಪಂಜಿನ ಚೂರು ಆ ತೂತುಗಳಲ್ಲಿ ಸಿಕ್ಕಿಕೊಂಡು ಈಗಲೂ ಹಸಿರಾಗಿ ಕಾಣ್ತದೆ. ಶಿಲ್ಪ ಅಂತ ಮಾರುವುದಾದರೆ ಶಿಲ್ಪ ಅಂತಲೇ ಹೇಳಲಿ, ಹೂದಾನಿ ಅಂದ ಮೇಲೆ ನೀರು ನಿಲ್ಲಬೇಕು.

ಹಸಿಮಣ್ಣು (ಮೈಸೂರು)

ಕಲ್ಲುನೋಟ ಸರ್, ಧನ್ಯವಾದ. ಕರೀ ಸಿಪ್ಪೆ, ಒಳಗೆ ತಿಳಿ ಬೂದು ಅಂದಿರಲ್ಲ, ಅಲ್ಲೇ ಕಣ್ಣು ನಿಂತಿದೆ. ನನ್ನ ಮಣ್ಣು ಸುಟ್ಟ ಮೇಲೆ ಹೆಚ್ಚುಕಡಿಮೆ ಅದೇ ಬೂದು. ಕಡಲತಡಿ ಅಕ್ಕ, ಒಳಗೆ ಬೇರೆ ಲೈನರ್ ಗ್ಲೇಜ್ ಹಾಕೋದು ನನ್ನ ಅಭ್ಯಾಸ. ಮೊದಲು ಒಳಗೆ ಸುರಿದು, ಅಲುಗಾಡಿಸಿ, ಚೆಲ್ಲಿ, ಒಣಗಿದ ಮೇಲಷ್ಟೇ ಹೊರಮೈ ಮುಟ್ಟೋದು. ಕಾರ್ಬೈಡ್ ಒಳಗೆ ಹೋಗುವ ಪ್ರಶ್ನೆ ಇಲ್ಲ.

ಥೇಮ್ಸ್‌ದಂಡೆ (ಲಂಡನ್)

ಕಲ್ಲುನೋಟ ಅವರ ಮಾತು ವಿಜ್ಞಾನದ ಲೆಕ್ಕಕ್ಕೆ ಸರಿ. ಆದರೆ ಕುಳಿ ಗ್ಲೇಜನ್ನು 'ಸುಲಭ' ಅಂದು ತಳ್ಳಿಹಾಕಿದ್ದು ನನಗೆ ಒಪ್ಪಿಗೆ ಆಗಲಿಲ್ಲ. ಅದನ್ನು ಈ ಎತ್ತರಕ್ಕೆ ತಂದವರನ್ನು ನೋಡಿ. ಲೂಸಿ ರೀ ಹೆಸರಾಂತ ಕುಂಬಾರ ಕಲಾವಿದೆ, ವಿಯೆನ್ನಾದವರು, ಯಹೂದಿ, 1938ರಲ್ಲಿ ಲಂಡನ್‌ಗೆ ಓಡಿಬಂದರು. ಯುದ್ಧದ ಕಾಲದಲ್ಲಿ ಹೊಟ್ಟೆಪಾಡಿಗೆ ಬಟ್ಟೆಗೆ ಹಾಕುವ ಸೆರಾಮಿಕ್ ಗುಂಡಿ ಮಾಡಿದರು. ಅದೇ 1938ರಲ್ಲಿ ವಿಯೆನ್ನಾದಿಂದಲೇ ಗರ್ಟ್ರೂಡ್ ಮತ್ತು ಓಟೋ ನಾಟ್ಸ್‌ಲರ್ ದಂಪತಿ ಲಾಸ್ ಏಂಜಲೀಸ್‌ಗೆ ಹೋದರು. ತಿಗರಿ ಗರ್ಟ್ರೂಡ್ ಅವರದ್ದು, ಗ್ಲೇಜ್ ಓಟೋ ಅವರದ್ದು. ಓಟೋ ಅವರ ಕ್ರೇಟರ್ ಗ್ಲೇಜ್‌ಗಳ ಹೆಸರು ಅಮೆರಿಕದಲ್ಲಿ ಇಂದಿಗೂ ದೊಡ್ಡದು. ಅವರ ಪಾತ್ರೆಗಳ ಬಾಯಿ ಕಾಗದದಷ್ಟು ತೆಳು, ಮೈ ಮಾತ್ರ ಜ್ವಾಲಾಮುಖಿ ಕಕ್ಕಿದ ಹಾಗೆ. ಆ ಎರಡರ ಜಗಳದಲ್ಲೇ ಅದರ ಸೊಗಸು ಇರೋದು.

ಲೂಸಿ ರೀ ಬಳಸಿದ್ದು ಕರೆಂಟ್ ಕಿಲ್ನೇ. ಬಿಸ್ಕ್ ಮಾಡದೆ, ಹಸಿ ಪಾತ್ರೆಗೆ ಬ್ರಶ್‌ನಲ್ಲಿ ಗ್ಲೇಜ್ ಬಳಿದು ಒಂದೇ ಸಲ ಸುಡುತ್ತಿದ್ದರು. ಅವರ ಕಾರ್ಯಾಗಾರವನ್ನು ಬಿಚ್ಚಿ ತಂದು ಇಲ್ಲಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನ ಸೆರಾಮಿಕ್ಸ್ ವಿಭಾಗದಲ್ಲಿ ಮತ್ತೆ ಜೋಡಿಸಿದ್ದಾರೆ. ಹಸಿಮಣ್ಣು ಅವರೇ, ಎಂದಾದರೂ ಬಂದರೆ ಅದನ್ನು ನೋಡಿಕೊಂಡು ರಸ್ತೆ ದಾಟಿ, ಎದುರಿಗೇ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಅಲ್ಲಿ ಅಸಲಿ ಉಲ್ಕಾಶಿಲೆಗಳಿವೆ. ನಿಮ್ಮ ಪ್ರಶ್ನೆಯ ಎರಡೂ ಅರ್ಧ ಒಂದೇ ರಸ್ತೆಯ ಆಚೀಚೆ.

ಕಲ್ಲುನೋಟ (ಧಾರವಾಡ)

ವಿಯೆನ್ನಾ ಅಂದಿರಿ, ಒಂದು ಮಾತು ನೆನಪಾಯಿತು. ಕಬ್ಬಿಣದ ಉಲ್ಕಾಶಿಲೆಯನ್ನು ಕತ್ತರಿಸಿ ಆಮ್ಲ ಹಾಕಿದರೆ ಒಂದಕ್ಕೊಂದು ಅಡ್ಡಹಾಯುವ ಪಟ್ಟಿಗಳ ಜಾಲ ಏಳುತ್ತದೆ. ಕಬ್ಬಿಣ ಮತ್ತು ನಿಕ್ಕಲ್ ಬೆರೆತ ಎರಡು ಲೋಹಗಳು ಲಕ್ಷಾಂತರ ವರ್ಷ ತಣಿಯುತ್ತ ಬೇರೆಬೇರೆ ಪಟ್ಟಿಯಾಗಿ ಕೂತದ್ದು. ಹತ್ತು ಲಕ್ಷ ವರ್ಷಕ್ಕೆ ಹೆಚ್ಚೆಂದರೆ ಕೆಲವು ಸಾವಿರ ಡಿಗ್ರಿಯ ಲೆಕ್ಕದಲ್ಲಿ ತಣಿದ ಲೋಹಕ್ಕೆ ಮಾತ್ರ ಆ ಜಾಲ ಬರುತ್ತದೆ. ಭೂಮಿಯ ಯಾವ ಕುಲುಮೆಯಲ್ಲೂ ಅದನ್ನು ಮಾಡಲಾಗದು. 1808ರಲ್ಲಿ ಇದನ್ನು ಗಮನಿಸಿದ ವಿಡ್‌ಮನ್‌ಸ್ಟೇಟನ್ ವಿಯೆನ್ನಾದವನೇ, ಜಾಲಕ್ಕೆ ಅವನದ್ದೇ ಹೆಸರು. ಇವತ್ತಿಗೂ ಅತಿ ಹೆಚ್ಚು ಉಲ್ಕಾಶಿಲೆಗಳನ್ನು ಒಟ್ಟಿಗೆ ಪ್ರದರ್ಶನಕ್ಕಿಟ್ಟಿರುವುದು ಆ ಊರಿನ ಮ್ಯೂಸಿಯಂ. ಲೂಸಿ ರೀ ಬಾಲ್ಯದಲ್ಲಿ ಅದನ್ನು ನೋಡಿದ್ದರು ಎಂದು ನಾನು ಕಥೆ ಕಟ್ಟುವುದಿಲ್ಲ. ಊರು ಒಂದೇ, ಅಷ್ಟೇ.

ಆದರೂ ನನ್ನ ಮಾತು ಉಳಿದೇ ಇದೆ. ಜ್ವಾಲಾಮುಖಿ ಎಂದು ಕರೆಯಿರಿ, ತಕರಾರಿಲ್ಲ. ಅದು ಲಾವಾದ ರೂಪ. ಉಲ್ಕೆ ಎಂದು ಕರೆದರೆ ತಕರಾರು.

ಕರಿಗಲ್ಲು (ವಿಜಯಪುರ)

ನಮಸ್ಕಾರ್ರಿ ಎಲ್ಲಾರಿಗೂ. ಇಷ್ಟೊತ್ತು ಸುಮ್ಮನ ಓದಾಕತ್ತಿದ್ದೆ. ಉಲ್ಕಿ ಇರಲಿ, ಚಂದ್ರನ ಮಾಡಬೇಕಂದ್ರ ನಮ್ಮ ಕಡಿ ಬರ್ರಿ. ಚಂದ್ರನ ಮ್ಯಾಲೆ ಕರ್ರಗೆ ಕಾಣೋ ಕಲೆ ಅದಾವಲ್ಲ, ಅದು ಬಸಾಲ್ಟ್. ನಮ್ಮ ಹೊಲದ ಬುಡಕ ಇರೋದೂ ಬಸಾಲ್ಟ್. ವಿಜಯಪುರ, ಬೆಳಗಾವಿ, ಕಲಬುರ್ಗಿ, ಬೀದರ, ಎಲ್ಲಾ ಕಡೆ ಕ್ರಷರ್ ಧೂಳು ಬೇಕಾದಷ್ಟು ಸಿಗತೈತಿ. ಅದನ್ನ ಸಣ್ಣ ಜರಡೀಲೆ ಸೋಸಿ, ನೀರಾಗ ಕಲಸಿ ಹಚ್ಚಿದ್ರ 1250ರ ಮ್ಯಾಲೆ ತಾನ ಕರಗಿ ಕಂದು ಕಪ್ಪು ಗ್ಲೇಜ್ ಆಗತೈತಿ, ಬ್ಯಾರೆ ಏನೂ ಕೂಡಸೋದು ಬ್ಯಾಡ. ಅದರಾಗ ಕಬ್ಬಿಣ, ಸುಣ್ಣ, ಮೆಗ್ನೀಸಿಯಾ ಎಲ್ಲಾ ಮೊದಲ ಐತಿ. ಕೋನ್ 6ಕ್ಕ ಇಳಸಬೇಕಂದ್ರ ಸ್ವಲ್ಪ ಬೋರಾನ್ ಫ್ರಿಟ್ (ಲಗೂ ಕರಗೋ ಗಾಜಿನ ಪುಡಿ) ಹಾಕ್ಬೇಕು.

ಬೆಂಗಳೂರು ಮೈಸೂರು ಕಡೆಯವರಿಗೆ ಒಂದು ಮಾತು: ನಿಮ್ಮ ಕ್ರಷರ್ ಧೂಳು ಗ್ರಾನೈಟ್ ಜಾತಿ. ಅದನ್ನ ಹಚ್ಚಿ "ಕರಗಲಿಲ್ಲ" ಅಂತ ನನಗ ಬೈಬ್ಯಾಡ್ರಿ.

ಮತ್ತ ಲೋಣಾರ ನೋಡೀರೇನ್ರಿ? ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲಾ. ಬಸಾಲ್ಟಿನ್ಯಾಗ ಉಲ್ಕಿ ಬಡದು ಆದ ಕುಳಿ, ಸುಮಾರು 1.8 ಕಿಲೋಮೀಟರ್ ಅಗಲ, ನಡುವ ಉಪ್ಪು ನೀರಿನ ಕೆರಿ. ಚಂದ್ರನ ಕುಳಿಗೋಳ ಅಭ್ಯಾಸ ಮಾಡೋರು ಅಲ್ಲಿಗೆ ಬರತಾರ, ಯಾಕಂದ್ರ ಕಲ್ಲೂ ಅದ, ಪೆಟ್ಟೂ ಅದ. ದಂಡಿ ಮ್ಯಾಲೆ ನಿಂತ್ರ ಅಗಲವಾದ ಬೋಗುಣಿ ಆಕಾರ. ಹೂದಾನಿ ಬಿಟ್ಟು ಬೋಗುಣಿ ಮಾಡ್ರಿ ಅಂತೀನಿ ನಾ.

ಕೋನ್‌ಆರು (ಬೆಂಗಳೂರು)

ಕರಿಗಲ್ಲು ಅಣ್ಣಾ, ಆ ಧೂಳು ಒಂದು ಚೀಲ ಕಳಿಸಿ, ಲಾರಿ ಬಾಡಿಗೆ ನನ್ನದು!

ಚಂದ್ರನ ಕಪ್ಪು ಬಸಾಲ್ಟ್ ಆದರೆ, ಬಿಳಿ ಭಾಗ ಅನಾರ್ಥೊಸೈಟ್. ಅಂದರೆ ಬಹುಪಾಲು ಕ್ಯಾಲ್ಸಿಯಂ ಫೆಲ್ಡ್‌ಸ್ಪಾರ್. ನಾವು ಗ್ಲೇಜ್ ಬಕೆಟ್‌ಗೆ ಸುರಿಯೋ ಪೊಟ್ಯಾಶ್ ಫೆಲ್ಡ್‌ಸ್ಪಾರ್‌ನ ದಾಯಾದಿ. ಚಂದ್ರಯಾನ-2ರ ಪರೀಕ್ಷೆಗೆ ಇಸ್ರೋದವರು ಚಂದ್ರನ ಮಣ್ಣನ್ನು ಹೋಲುವ ಪುಡಿ ಮಾಡಿದ್ದು ತಮಿಳುನಾಡಿನ ನಾಮಕ್ಕಲ್ ಕಡೆಯ ಸಿತ್ತಂಪೂಂಡಿ, ಕುನ್ನಮಲೈ ಊರುಗಳ ಅನಾರ್ಥೊಸೈಟ್ ಅರೆದು. ಆ ಪುಡಿ ಬೆಂಗಳೂರಿಗೆ ಬಂದು ಲ್ಯಾಂಡರ್, ರೋವರ್‌ಗಳಿಗೆ ನೆಲವಾಯ್ತು. ನನಗೆ ಅದರಲ್ಲಿ ಒಂದು ಹಿಡಿ ಸಿಕ್ಕಿದ್ದರೆ ನೇರ ಕೋನ್ 10ರ ಹೆಚ್ಚು ಬಿಸಿಗೆ ಇಟ್ಟು ನೋಡ್ತಿದ್ದೆ.

ಕಲ್ಲುನೋಟ ಸರ್‌ಗೆ ಒಂದು ತುಂಟ ಪ್ರಶ್ನೆ. ಕುಳಿ ಗ್ಲೇಜ್ ಉಲ್ಕೆಗೆ ಸಂಬಂಧವೇ ಇಲ್ಲ ಅಂತೀರಿ. ಆದರೆ ಅದನ್ನು ಏಳಿಸುವ ಸಿಲಿಕಾನ್ ಕಾರ್ಬೈಡ್ ಎಲ್ಲಿಯದು ಹೇಳಿ? ಭೂಮಿಯಲ್ಲಿ ಸಹಜವಾಗಿ ಸಿಗೋದು ತೀರಾ ಅಪರೂಪ. ಅಂಗಡಿಯದ್ದೆಲ್ಲ ಕಾರ್ಖಾನೆ ಮಾಲು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ಕಾರ್ಬೈಡ್ ಕಣಗಳಿವೆ. 2020ರಲ್ಲಿ ವಯಸ್ಸು ಲೆಕ್ಕ ಹಾಕಿದಾಗ ಅವುಗಳಲ್ಲಿ ಕೆಲವು ಸುಮಾರು 700 ಕೋಟಿ ವರ್ಷದವು ಅಂತ ಬಂತು. ಸೂರ್ಯನಿಗೇ 460 ಕೋಟಿ ವರ್ಷ! ಮುದಿ ನಕ್ಷತ್ರಗಳು ಹೊರಚೆಲ್ಲಿದ ಧೂಳು ಅದು. ಸಾಣೆಕಲ್ಲಿನ ಪುಡಿ ನೋಡೋಕೆ ಬಡಪಾಯಿ, ವಂಶ ಮಾತ್ರ ದೊಡ್ಡದು.

ಕಲ್ಲುನೋಟ (ಧಾರವಾಡ)

ವಂಶ ಒಪ್ಪಿದೆ. ಮುಖ ಒಪ್ಪುವುದಿಲ್ಲ.

ಕುಂಬಾರಕೇರಿ (ಖಾನಾಪುರ)

ನಮ್ಮ ಮನೆತನದ್ದು ಇದೇ ಕಸುಬು. ಖಾನಾಪುರದ ಮಣ್ಣಿಗೆ ಹೆಸರಿದೆ, ಇಲ್ಲಿ ಸರ್ಕಾರದ ಗ್ರಾಮೀಣ ಕುಂಬಾರಿಕೆ ತರಬೇತಿ ಕೇಂದ್ರವೂ ಇದೆ. ನಾನು ಹೇಳೋದು ಆಕಾರದ ಬಗ್ಗೆ.

ನೀವು ತಿಗರಿ ಮೇಲೆ ದುಂಡಗೆ ಎತ್ತಿ, ಆಮೇಲೆ ಅದನ್ನು ಕಲ್ಲಿನ ಹಾಗೆ ಕಾಣಿಸೋಕೆ ಗೀರೋದು, ಕೆತ್ತೋದು ಮಾಡಿದರೆ ಅದು ಗೀರಿದ ಹೂಜಿಯ ಹಾಗೇ ಕಾಣುತ್ತೆ. ನಮ್ಮಲ್ಲಿ ದೊಡ್ಡ ಗಡಿಗೆ ಮಾಡುವಾಗ ತಿಗರಿಯಿಂದ ಇಳಿಸಿದ ಮೇಲೆ ಒಳಗೆ ದುಂಡು ಕಲ್ಲು ಹಿಡಿದು ಹೊರಗಿಂದ ಮರದ ಹಲಗೆಯಲ್ಲಿ ತಟ್ಟುತ್ತ ಮೈ ಹಿಗ್ಗಿಸುತ್ತೇವೆ. ಅದನ್ನೇ ತಿರುಗಿಸಿ ಮಾಡಿ. ದಪ್ಪಗೆ ಎತ್ತಿ, ಮಣ್ಣು ಸ್ವಲ್ಪ ಬಿಗಿಯಾದ ಮೇಲೆ ಒಳಗೆ ಅಂಗೈ ಆಧಾರ ಕೊಟ್ಟು ಹೊರಗಿಂದ ಹೆಬ್ಬೆರಳಲ್ಲಿ, ದುಂಡು ಕಲ್ಲಲ್ಲಿ ಒತ್ತಿ. ಒತ್ತಿದ ಕಡೆ ಗುಳಿ ಬೀಳುತ್ತೆ, ಪಕ್ಕದಲ್ಲಿ ಮಣ್ಣು ತಾನಾಗಿ ಉಬ್ಬಿ ಏಣು ನಿಲ್ಲುತ್ತೆ. ಕೆತ್ತಿದ ಗುಳಿಗೆ ಆ ಏಣು ಬರೋದಿಲ್ಲ. ಹದ ಮಾತ್ರ ನೋಡಿಕೊಳ್ಳಿ: ತೀರಾ ಹಸಿ ಇದ್ದರೆ ಬೆರಳಿನ ಗೆರೆಯೆಲ್ಲ ಮೂಡುತ್ತೆ, ತೀರಾ ಒಣಗಿದ್ದರೆ ಗುಳಿಯ ಅಂಚಿಂದ ಬಿರುಕು ಹೊರಡುತ್ತೆ. ಬೆರಳಿಗೆ ಒದ್ದೆ ಚರ್ಮದ ತುಂಡು ಸುತ್ತಿಕೊಂಡರೆ ಗೆರೆ ಬರೋದಿಲ್ಲ.

ಸರ್ ಹೇಳಿದ ಕಾಳುಗಳ ಬಗ್ಗೆ: ಅದೇ ಮಣ್ಣಿಗೆ ಕಾವಿ ಕಲಸಿ ಸಾಸಿವೆ, ಮೆಣಸಿನ ಗಾತ್ರದ ಉಂಡೆ ಮಾಡಿ, ಅರ್ಧ ಒಣಗಿಸಿ, ಮಣ್ಣಿನೊಳಗೆ ಹಾಕಿ ನಾದಿ. ಬೇರೆ ಜಾತಿ ಮಣ್ಣಿನ ಉಂಡೆ ಬೇಡ, ಕುಗ್ಗುವ ಲೆಕ್ಕ ಬೇರೆಯಾಗಿ ಸುತ್ತ ಬಿರಿಯುತ್ತೆ. ಸುಟ್ಟ ಉಂಡೆಯೂ ಬೇಡ, ಅದು ಕುಗ್ಗೋದೇ ಇಲ್ಲ.

ಥೇಮ್ಸ್‌ದಂಡೆ (ಲಂಡನ್)

ಕುಂಬಾರಕೇರಿ ಅವರೇ, 'ಒತ್ತುವುದು, ಕೆತ್ತುವುದಲ್ಲ' ಅಂದಾಗ ಕಲಾವಿದ ಲೂಚೋ ಫೊಂಟಾನಾ ನೆನಪಾದ. ಕ್ಯಾನ್ವಾಸ್ ಸೀಳಿದ್ದಕ್ಕೆ ಹೆಸರಾದವನು, ಆದರೆ ಅವನು ಜೀವಮಾನವಿಡೀ ಮಣ್ಣು ಕೈಬಿಟ್ಟಿರಲಿಲ್ಲ. 1959-60ರಲ್ಲಿ ಇಟಲಿಯ ಅಲ್ಬಿಸೋಲಾದಲ್ಲಿ, ಅಂದರೆ ಗಗಾರಿನ್ ಬಾಹ್ಯಾಕಾಶಕ್ಕೆ ಹಾರುವುದಕ್ಕೂ ಮುಂಚೆ, ದೊಡ್ಡ ದೊಡ್ಡ ಮಣ್ಣಿನ ಉಂಡೆ ಮಾಡಿ ಅವುಗಳನ್ನು ಚುಚ್ಚಿ, ಸೀಳಿ 'ನಾತೂರಾ' ಅಂತ ಸರಣಿ ಮಾಡಿದ. ಗ್ಲೇಜ್ ಇಲ್ಲ, ಚಿನ್ನ ಇಲ್ಲ, ಒಂದೇ ಒಂದು ತೂತು ಅಥವಾ ಸೀಳು. ನೋಡಿದರೆ ಎಲ್ಲೋ ಬಾಹ್ಯಾಕಾಶದಿಂದ ಉರುಳಿ ಬಂದ ಹಾಗಿವೆ. ಆ ಒಂದು ಸೀಳನ್ನೇ ಹೂದಾನಿಯ ಬಾಯಿ ಮಾಡಿದರೆ? ಕತ್ತು, ತುಟಿ, ಬುಡ ಅನ್ನುವ ಹೂದಾನಿಯ ಅಂಗಾಂಗ ಯಾವುದೂ ಬೇಡ.

ಆಕಾಶ ಅಂದರೆ ಕಲ್ಲೇ ಆಗಬೇಕು ಅಂತಲೂ ಇಲ್ಲ. ಚೀನಾದ ಫೂಜಿಯಾನ್‌ನ ಜಿಯಾನ್ ಕುಲುಮೆಗಳಲ್ಲಿ ಸಾಂಗ್ ರಾಜವಂಶದ ಕಾಲದಲ್ಲಿ ಸುಟ್ಟ ಕಪ್ಪು ಚಹಾ ಬಟ್ಟಲುಗಳಿವೆ. ಅವುಗಳಲ್ಲಿ ಯೋಹೆನ್ ಟೆನ್ಮೊಕು ಅನ್ನುವ ಬಗೆ ಜಪಾನಿನಲ್ಲಿ ಮೂರೇ ಮೂರು ಉಳಿದಿವೆ, ಮೂರೂ ರಾಷ್ಟ್ರೀಯ ನಿಧಿ: ಒಂದು ಟೋಕಿಯೋ, ಒಂದು ಒಸಾಕಾ, ಒಂದು ಕ್ಯೋಟೋ. ಅಂಗೈ ಅಗಲದ ಬಟ್ಟಲಿನೊಳಗೆ ಕಪ್ಪು ರಾತ್ರಿ, ಚುಕ್ಕೆಗಳ ಸುತ್ತ ನೀಲಿ ನೇರಳೆ ಪ್ರಭೆ. ಮಾಡಿದವನಿಗೆ ನೀಹಾರಿಕೆ ಗೊತ್ತಿರಲಿಲ್ಲ. ಅದರ ಹಿಂದೆ ಓಡಿದ ಕುಂಬಾರರು ಎಷ್ಟೋ, ಹಾಗೇ ಮಾಡಿ ತೋರಿಸಿದ್ದೇನೆ ಅಂದವರ ಬಟ್ಟಲು ಪಕ್ಕದಲ್ಲಿಟ್ಟರೆ ಸಪ್ಪೆ ಕಾಣುತ್ತೆ.

ಕೋನ್‌ಆರು (ಬೆಂಗಳೂರು)

ಯೋಹೆನ್ ಬಿಡಿ, ಅದರ ತಂಗಿ ಆಯಿಲ್ ಸ್ಪಾಟ್ ನಮ್ಮ ಕೈಗೆ ಸಿಗುವಂಥದ್ದು. ಕಬ್ಬಿಣ ಹೆಚ್ಚಿರುವ ಕಪ್ಪು ಗ್ಲೇಜ್ ದಪ್ಪಗೆ ಹಾಕಿ, 1230ರ ಸುತ್ತಮುತ್ತ ಕಬ್ಬಿಣದ ಆಕ್ಸೈಡ್ ತಾನೇ ಆಮ್ಲಜನಕ ಬಿಡುತ್ತೆ. ಗುಳ್ಳೆ ಮೇಲೇಳುವಾಗ ಕಬ್ಬಿಣವನ್ನು ಜೊತೆಗೆ ಹೊತ್ತು ತರುತ್ತೆ, ಒಡೆದ ಜಾಗದಲ್ಲಿ ಬೆಳ್ಳಿ ಚುಕ್ಕೆ. ಕರೆಂಟ್ ಕಿಲ್ನ್‌ನಲ್ಲೇ ಚೆನ್ನಾಗಿ ಬರುತ್ತೆ, ಆದರೆ ಕೋನ್ 10 ಹತ್ತಿರ ಹೋಗಬೇಕು. ಹಸಿಮಣ್ಣು ಅವರ ಕಿಲ್ನ್‌ಗೆ ಭಾರ.

ಇನ್ನು ಕೆಲವರು ಕೇಳ್ತಾರೆ ಅಂತ ಮೊದಲೇ ಹೇಳಿಬಿಡ್ತೀನಿ: ಉಲ್ಕೆಯಲ್ಲಿ ನಿಕ್ಕಲ್ ಇದೆ ಅಂತ ಗ್ಲೇಜ್‌ಗೆ ನಿಕ್ಕಲ್ ಆಕ್ಸೈಡ್ ಹಾಕೋಕೆ ಹೋಗಬೇಡಿ, ಆ ಪುಡಿ ಉಸಿರಿಗೆ ಹೋದರೆ ಕ್ಯಾನ್ಸರ್ ತರುವಂಥದ್ದು. ಲೋಹದ ಹೊಳಪು ಬೇಕು ಅಂತ ಮ್ಯಾಂಗನೀಸ್ ಸುರಿಯೋದೂ ಬೇಡ, ಸುಡುವಾಗ ಬರುವ ಹೊಗೆ ನರಗಳಿಗೆ ಕೆಟ್ಟದ್ದು. ಮನೆಯೊಳಗೆ ಕಿಲ್ನ್ ಇಟ್ಟುಕೊಂಡವರು ಬಹಳ ಜನ ಇದ್ದೀರಿ ಇಲ್ಲಿ. ಕಾರ್ಬೈಡ್, ಸಿಲಿಕಾ, ಬಸಾಲ್ಟ್ ಧೂಳು ಯಾವುದೇ ಆಗಲಿ, ಕಲಸುವಾಗ ಕರವಸ್ತ್ರ ಸಾಲದು, ಸರಿಯಾದ ಮಾಸ್ಕ್ ಹಾಕಿ.

ಕರಿಗಲ್ಲು (ವಿಜಯಪುರ)

ಇನ್ನೊಂದು ಕೇಳ್ಬೇಕಿತ್ರಿ. ಒಬ್ಬರು ಆನ್‌ಲೈನಾಗ "ನಿಜವಾದ ಉಲ್ಕಿ ಪುಡಿ ಹಾಕಿದ ಹೂದಾನಿ" ಅಂತ ಮಾರಾಕತ್ತಾರ, ರೇಟ್ ನೋಡಿ ತಲಿ ತಿರಗಿತು. ಖರೇನೋ ಸುಳ್ಳೋ?

ಕಲ್ಲುನೋಟ (ಧಾರವಾಡ)

ಹೊರದೇಶಗಳಲ್ಲಿ ಉಲ್ಕಾಶಿಲೆ ಕೊಳ್ಳುವ, ಮಾರುವ ಪೇಟೆ ಇದೆ, ಆದ್ದರಿಂದ ಪುಡಿ ಹಾಕುವುದು ಅಸಾಧ್ಯವೇನಲ್ಲ. ಆದರೆ ಗ್ಲೇಜಿನೊಳಗೆ 1200 ಡಿಗ್ರಿಯಲ್ಲಿ ಕರಗಿದ ಮೇಲೆ ಅದು ಒಂದಿಷ್ಟು ಕಬ್ಬಿಣ, ಮೆಗ್ನೀಸಿಯಂ, ಸಿಲಿಕಾ. ಜಾಲ ಹೋಯಿತು, ಕಾಳು ಹೋಯಿತು, ಉಳಿದದ್ದು ಕಂದು ಬಣ್ಣ. ಅದೇ ಬಣ್ಣಕ್ಕೆ ನಿಮ್ಮ ಹೊಲದ ಕ್ರಷರ್ ಧೂಳು ಸಾಕು. ಜಹಾಂಗೀರ್ ಬಾದಶಹ 1621ರಲ್ಲಿ ಜಲಂಧರ್ ಬಳಿ ಬಿದ್ದ ಕಬ್ಬಿಣದ ಉಲ್ಕೆಯಿಂದ ಕತ್ತಿ, ಚೂರಿ ಮಾಡಿಸಿದ. ಅದರ ಒಂದು ಚೂರಿ ಈಗ ಅಮೆರಿಕದ ಸ್ಮಿತ್‌ಸೋನಿಯನ್‌ನಲ್ಲಿದೆ. ಬರೀ ಉಲ್ಕೆಯ ಕಬ್ಬಿಣ ಸುತ್ತಿಗೆ ಏಟಿಗೆ ನಿಲ್ಲದೆ ಮಾಮೂಲಿ ಕಬ್ಬಿಣ ಬೆರೆಸಿದರಂತೆ. ಅಲ್ಲಾದರೂ ಲೋಹ ಲೋಹವಾಗಿ ಉಳಿಯಿತು.

ನಮ್ಮ ದೇಶದಲ್ಲಿ ಬಿದ್ದ ಉಲ್ಕಾಶಿಲೆ ಸಿಕ್ಕರೆ ಅದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಒಪ್ಪಿಸಬೇಕು, ಅವರ ಸಂಗ್ರಹ ಕೋಲ್ಕತ್ತದಲ್ಲಿದೆ. ಅರೆದು ಬಕೆಟ್ಟಿಗೆ ಹಾಕುವ ವಸ್ತು ಅಲ್ಲ ಅದು.

ಹಸಿಮಣ್ಣು ಅವರಿಗೆ ಇನ್ನೊಂದು ಮಾತು. ಉಲ್ಕೆ ಬೆಂಕಿಯಲ್ಲಿ ಬೆಂದ ಕಲ್ಲು ಎಂದು ಎಲ್ಲರೂ ತಿಳಿಯುತ್ತಾರೆ. ಗಾಳಿಯಲ್ಲಿ ಉರಿಯುವುದು ಕೆಲವೇ ಸೆಕೆಂಡು, ಕರಗಿದ ಮೈ ಕೂಡಲೇ ಕಿತ್ತುಹೋಗುತ್ತದೆ, ಬಿಸಿ ಒಳಗೆ ಇಳಿಯಲು ಪುರುಸೊತ್ತೇ ಇಲ್ಲ. ಸಿಪ್ಪೆ ಗಾಜಾದರೂ ಅದರ ಹಿಂದೆಯೇ ಕಲ್ಲು ತಣ್ಣಗಿರುತ್ತದೆ. ನಿಮ್ಮ ಕಿಲ್ನ್ ಮಾಡುವುದು ಪೂರ್ತಿ ಇದರ ಎದುರು: ಗಂಟೆಗಟ್ಟಲೆ ಕಾಯಿಸಿ ಬಿಸಿಯನ್ನು ಗರ್ಭದ ತನಕ ಇಳಿಸುತ್ತೀರಿ. ಹಾಗಾಗಿ ಸಿಪ್ಪೆ ಮತ್ತು ಒಡಲು ಬೇರೆಬೇರೆ ಎಂದು ತೋರಿಸುವುದು ನಿಮ್ಮ ಕೈಚಳಕಕ್ಕೆ ಬಿಟ್ಟದ್ದು, ಬೆಂಕಿ ಸಹಾಯ ಮಾಡುವುದಿಲ್ಲ.

ಹಸಿಮಣ್ಣು (ಮೈಸೂರು)

ಒಂದು ವಾರದ ಮೇಲೆ ಬರುತ್ತಿದ್ದೇನೆ, ಟೆಸ್ಟ್ ಸುಟ್ಟು ನೋಡಿದೆ. ಏನು ಮಾಡಿದೆ ಅಂದರೆ: ಕುಂಬಾರಕೇರಿ ಅಣ್ಣ ಹೇಳಿದ ಹಾಗೆ ಕಾವಿ ಕಾಳು ನಾದಿದ ಮಣ್ಣು, ದಪ್ಪ ಗೋಡೆ, ಒದ್ದೆ ಚರ್ಮ ಸುತ್ತಿ ಒತ್ತಿದ ಗುಳಿ. ಬಿಸ್ಕ್ ಆದ ಮೇಲೆ ಹೊರಮೈಗೆ ಕಬ್ಬಿಣ ಹೆಚ್ಚಿರುವ ಕಪ್ಪು ಗ್ಲೇಜನ್ನು ಹಾಲಿನಷ್ಟು ತೆಳುವಾಗಿ ಒಂದೇ ಸಲ ಸ್ಪ್ರೇ. ಒಣಗಿದ ಮೇಲೆ ಬಾಯಿಯ ಒಂದು ಕಡೆ, ಬುಡದ ಹತ್ತಿರ ಇನ್ನೊಂದು ಕಡೆ ಒದ್ದೆ ಸ್ಪಂಜಿನಿಂದ ಪೂರ್ತಿ ಒರೆಸಿದೆ. ಒರೆಸುವ ಮೊದಲು ಗೆರೆಗೆ ಮಾಸ್ಕಿಂಗ್ ಟೇಪ್ ಹರಿದು ಅಂಟಿಸಿದ್ದೆ, ಕತ್ತರಿಸಿದ್ದಲ್ಲ, ಹರಿದದ್ದು. ಸುಟ್ಟ ಮೇಲೆ ಅಲ್ಲಿ ವಜ್ರದ ಪ್ಯಾಡ್ ಹಿಡಿದು ನೀರು ಹಾಕಿ ಉಜ್ಜಿದೆ. ತಿಳಿ ಬೂದು ನೆಲದಲ್ಲಿ ಕಾವಿಯ ದುಂಡು ಚುಕ್ಕೆಗಳು ಎದ್ದವು, ಒಂದೊಂದಕ್ಕೂ ತೆಳು ಕಂದು ಅಂಚು. ಕಪ್ಪು ಸಿಪ್ಪೆ ನಿಲ್ಲುವ ಗೆರೆ ನಿಜಕ್ಕೂ ಚಕ್ಕೆ ಹಾರಿದ ಹಾಗೇ ಇದೆ. ಗುಳಿಗಳೊಳಗೆ ಗ್ಲೇಜ್ ಸ್ವಲ್ಪ ನಿಂತು ಹೊಳೆಯುತ್ತೆ, ಏಣಿನ ಮೇಲೆ ಜಾರಿ ಕಂದಾಗಿದೆ.

ಕುಳಿ ಗ್ಲೇಜನ್ನೂ ಬಿಟ್ಟಿಲ್ಲ. ಅದನ್ನು ಎರಡು ಅಗಲ ಬೋಗುಣಿಗೆ ಹಾಕ್ತೀನಿ, ಹೆಸರು ಲೋಣಾರ. ಕರಿಗಲ್ಲು ಅಣ್ಣನ ಧೂಳು ಬಂದರೆ ಅದರಲ್ಲೇ. ಕಲ್ಲುನೋಟ ಸರ್, ಉಲ್ಕೆ ಅಂತ ಚೀಟಿ ಅಂಟಿಸಲ್ಲ, ಹೆದರಬೇಡಿ.

ಒಂದು ಅನುಮಾನ: ಕುಳಿಗಳ ಅಂಚು ಚೂಪಾಗಿದೆ. ಉಜ್ಜಿದರೆ ರೂಪ ಕೆಡುತ್ತಾ?

ಕೋನ್‌ಆರು (ಬೆಂಗಳೂರು)

ಕೆಡಲ್ಲ. ಮೇಲಿನ ಅಂಚಷ್ಟೇ ಮೊಂಡು ಮಾಡಿ. ಕಾರ್ಬೊರಂಡಮ್ ಕಲ್ಲು, ನೀರು, ಹಗುರ ಕೈ. ಅದೇ ಪುಡಿ ಎಬ್ಬಿಸಿದ ಗುಳ್ಳೆಗೆ ಅದೇ ಕಲ್ಲು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಒಡೆದ ಗ್ಲೇಜ್ ಚೂರು ಗಾಜೇ. ಕುಳಿಯ ತಳಕ್ಕೆ ಕೈ ಹಾಕಬೇಡಿ, ಅಲ್ಲಿನ ಹೊಳಪು ಹೋದರೆ ವಾಪಸ್ ಬರಲ್ಲ.

ಕುಂಬಾರಕೇರಿ (ಖಾನಾಪುರ)

ಟೇಪ್ ಹರಿದು ಅಂಟಿಸಿದ ಉಪಾಯ ಚೆನ್ನಾಗಿದೆ ತಂಗಿ. ದಪ್ಪ ಗೋಡೆ ಅಂದಿರಿ, ಒಳಗೆ ತೇವ ಉಳಿದರೆ ಬಿಸ್ಕ್‌ನಲ್ಲಿ ಸಿಡಿಯುತ್ತೆ. ಮೈಸೂರಿನ ಈ ಮಳೆಗೆ ನೆರಳಲ್ಲಿ ಹೆಚ್ಚು ದಿನ ಒಣಗಿಸಿ, ನೂರು ಡಿಗ್ರಿ ದಾಟುವ ತನಕ ಕಿಲ್ನ್ ನಿಧಾನ ಹತ್ತಲಿ.

ಕಡಲತಡಿ (ಮಂಗಳೂರು)

ಫೋಟೋ ಹಾಕಿ ಮಾರಾಯ್ತಿ, ಬರೇ ವರ್ಣನೆ ಓದಿ ಎಷ್ಟು ದಿನ ಕೂರುವುದು. ಇಂಥದ್ದಕ್ಕೆ ಗುಲಾಬಿ, ಜರ್ಬೆರಾ ಇಟ್ಟರೆ ಮದುವೆ ಮಂಟಪದ ಹಾಗೆ ಕಾಣ್ತದೆ ಅಂತ ಪ್ರದರ್ಶನದವರಿಗೆ ಮೊದಲೇ ಹೇಳಿ. ಒಂದು ಒಣ ಕಡ್ಡಿ, ಒಂದು ಬಾಗಿದ ಹುಲ್ಲು, ಹೆಚ್ಚೆಂದರೆ ಒಂದು ಆಂಥೂರಿಯಂ ಸಾಕು. ಮತ್ತೆ, ಬೋಗುಣಿ ಒಂದು ನನಗೆ ತೆಗೆದಿಡಿ. ತಳ ಒಳಗಿಂದ ಸಪಾಟಾಗಿ ಇರಲಿ, ನನ್ನ ಕೆನ್ಜಾನ್ (ಹೂ ಚುಚ್ಚಿ ನಿಲ್ಲಿಸುವ ಮುಳ್ಳಿನ ಬಿಲ್ಲೆ) ಮೂರು ಇಂಚಿನದ್ದು, ಅಲುಗಾಡದೆ ಕೂರಬೇಕು.

ಹಸಿಮಣ್ಣು (ಮೈಸೂರು)

ತೆಗೆದಿಟ್ಟೆ ಅಂತಲೇ ತಿಳ್ಕೊಳ್ಳಿ ಅಕ್ಕ. ತಳ ಸಪಾಟು, ಒಳಗೆ ಲೈನರ್, ಒಂದು ರಾತ್ರಿ ನೀರು ತುಂಬಿಸಿ ಪೇಪರ್ ಮೇಲೆ ಇಟ್ಟು ನೋಡಿಯೇ ಕಳಿಸ್ತೀನಿ. ಫೋಟೋ ನಾಳೆ ಬೆಳಕಲ್ಲಿ ತೆಗೆದು ಹಾಕ್ತೀನಿ.